ಕೆಲಸದ ಊರಿನ ಭಾಷೆಯನ್ನು ನಾವೇ ಕಲಿಯೋಣ

(ಮಿರಜ ತಾಲೂಕಿನ ಲಿಂಗನೂರಿನಲ್ಲಿ ಕೂಡಿದ ಕೆಲಸಗಾರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನನಗೆ ಒಪ್ಪಿಸಿರುವ ವಿಷಯ ಚಿಕ್ಕದಾಗಿ ಕಾಣುತ್ತದೆ, ಆದರೆ ನಮ್ಮ ಅನ್ನಕ್ಕೆ ಸಂಬಂಧಪಟ್ಟದ್ದು. ಶಾಲೆಯ ವಯಸ್ಸು ಮೀರಿದ, ಹಗಲೆಲ್ಲ ಮೈಮುರಿದು ದುಡಿಯುವ ಮನುಷ್ಯನು ಒಂದು ಹೊಸ ಭಾಷೆಯನ್ನು ಶಾಲೆಯಿಲ್ಲದೆ, ಮಾಸ್ತರರಿಲ್ಲದೆ ತಾನಾಗಿ ಕಲಿಯಬಲ್ಲನೇ? ಕಲಿಯಬಲ್ಲನು ಎಂದು ನಾನು ಹೇಳುತ್ತೇನೆ. ಕಲಿಯಲೇಬೇಕು ಎಂದೂ ಹೇಳುತ್ತೇನೆ. ಅದು ಏಕೆ, ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಲಿಂಗನೂರು ಎಂಬ ಹೆಸರನ್ನೇ ನೋಡಿರಿ. ಅದರ ಬಾಲದಲ್ಲಿ ನಮ್ಮ ‘ಊರು’ ಇದೆ. ಇಲ್ಲಿಂದ ಸ್ವಲ್ಪ ದೂರ ನಡೆದರೆ ಬೆಳಗಾವಿ ಜಿಲ್ಲೆಯ ಸೀಮೆ. 1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಈ ಭಾಗ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರ ಮೇ 1ರಂದು ಮಹಾರಾಷ್ಟ್ರವಾಯಿತು. ಗೆರೆಯನ್ನು ನಕಾಶೆಯ ಮೇಲೆ ಎಳೆದರು, ಜನರ ನಾಲಿಗೆಯ ಮೇಲೆ ಎಳೆಯಲು ಆಗಲಿಲ್ಲ. ಇಂದಿಗೂ ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಎರಡೂ, ಕಚೇರಿಯಲ್ಲಿ ಮರಾಠಿ ಎಂಬ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಇಲ್ಲಿ ಕುಳಿತವರಲ್ಲಿ ದ್ರಾಕ್ಷಿ ತೋಟದಲ್ಲಿ, ಕಬ್ಬಿನ ಫಡದಲ್ಲಿ ದುಡಿಯುವವರಿದ್ದೀರಿ. ಮಲೆನಾಡಿನ ಮತ್ತು ಕೊಡಗಿನ ಕಾಫಿ ಎಸ್ಟೇಟಿನ ಲೈನುಗಳಿಂದ ಬಂದ ಬಂಧುಗಳೂ ಇದ್ದೀರಿ. ನಮ್ಮೆಲ್ಲರ ಪಾಡು ಒಂದೇ. ಇಲ್ಲಿ ಕನ್ನಡದವನಿಗೆ ಮರಾಠಿ ಬೇಕು. ಅಲ್ಲಿ ತಮಿಳು, ಮಲಯಾಳ ಮಾತಿನ ಕುಟುಂಬಕ್ಕೆ ಕನ್ನಡ ಬೇಕು. ಈಚಿನ ವರ್ಷಗಳಲ್ಲಿ ಅಸ್ಸಾಮು, ಬಂಗಾಳ, ಜಾರ್ಖಂಡಗಳಿಂದ ಎಸ್ಟೇಟಿಗೆ ಬಂದಿರುವವರಿಗೂ ಅದೇ ಕಷ್ಟ. ನಾನು ಹೇಳುವ ಉದಾಹರಣೆಗಳು ಹೆಚ್ಚಾಗಿ ಮರಾಠಿಯವು. ಹಾದಿ ಮಾತ್ರ ಎಲ್ಲ ಭಾಷೆಗೂ ಸಲ್ಲುವಂಥದು.

ಮೊದಲು ‘ಏಕೆ’ ಎಂಬುದಕ್ಕೆ ಬರುತ್ತೇನೆ.

ಬಾಯಿಮಾತಿಗೆ ಬೇಕಾದ ಭಾಷೆ ನಮಗೆ ಹೇಗೂ ಬರುತ್ತದೆ. ಆರು ತಿಂಗಳು ಒಂದು ಊರಿನಲ್ಲಿ ದುಡಿದರೆ ಉಪ್ಪು, ಎಣ್ಣೆ, ಬಸ್ಸು, ಮುಕಾದಮನ ಬೈಗುಳ ಎಲ್ಲ ಕಿವಿಗೆ ಬೀಳುತ್ತವೆ. ಅಷ್ಟಕ್ಕೇ ನಾವು ನಿಲ್ಲುತ್ತೇವೆ. ‘ನಡೆಯುತ್ತದೆ, ಸಾಕು’ ಎನ್ನುತ್ತೇವೆ. ಆದರೆ ನಮ್ಮ ಪಗಾರ ಬಾಯಿಮಾತಿನಲ್ಲಿ ಇಲ್ಲ, ಕಾಗದದಲ್ಲಿದೆ. ಹಾಜರಿ, ಮುಂಗಡ, ಕಡಿತ, ಬಾಕಿ ಎಲ್ಲವೂ ಕಾಗದದಲ್ಲಿದೆ. ಆ ಕಾಗದ ನಮಗೆ ಓದಲು ಬಾರದ ಭಾಷೆಯಲ್ಲಿದ್ದರೆ ಅದರಲ್ಲಿ ಏನಿದೆಯೋ ಅದೇ ಸತ್ಯವಾಗಿಬಿಡುತ್ತದೆ.

ಸಂಘದ ಕೆಲಸದಲ್ಲಿ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರಾಗಲಿ ತೋಟದ ಹೆಸರಾಗಲಿ ಬೇಡ. ಹಂಗಾಮು ಮುಗಿದಿತ್ತು. ಕೂಲಿಯ ಅರ್ಧ ಹಣವನ್ನು ಕೊಟ್ಟು, ಉಳಿದದ್ದು ಮುಂದಿನ ತಿಂಗಳು ಎಂದು ಹೇಳಿ, ಒಂದು ಚೀಟಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ‘ಇದು ಬರೀ ರಸೀದಿ’ ಎಂದರು. ಎಂಟು ಹತ್ತು ಜನ ಒತ್ತಿಯೂ ಆಗಿತ್ತು. ಸಾಲಿನಲ್ಲಿದ್ದ ಒಬ್ಬ ತಾಯಿ, ಕನ್ನಡ ನಾಲ್ಕನೆಯ ಇಯತ್ತೆ ಮಾತ್ರ ಓದಿದವಳು, ಚೀಟಿಯನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದಳು. ‘ಪೂರ್ಣ ರಕ್ಕಮ್ ಮಿಳಾಲೀ’ ಎಂದಿತ್ತು. ಅಂದರೆ ಪೂರ್ತಿ ಹಣ ಮುಟ್ಟಿತು. ಆಕೆ ಗಲಾಟೆ ಮಾಡಲಿಲ್ಲ. ‘ಪೂರ್ಣ’ ಎಂಬ ಮಾತಿನ ಮೇಲೆ ಬೆರಳಿಟ್ಟು, ‘ಇದನ್ನು ಹೊಡೆದು ಅರ್ಧ ಎಂದು ಬರೆಯಿರಿ, ಆಮೇಲೆ ಸಹಿ ಮಾಡುತ್ತೇನೆ’ ಎಂದಳು. ಬರೆದುಕೊಟ್ಟರು. ಹೆಬ್ಬೆಟ್ಟು ಒತ್ತಿದವರ ಚೀಟಿಗಳನ್ನೂ ತಿದ್ದಿಸಿದೆವು.

ಆಕೆ ಯಾವ ಶಾಲೆಯಲ್ಲಿ ಮರಾಠಿ ಕಲಿತಳು? ಯಾವ ಶಾಲೆಯಲ್ಲಿಯೂ ಇಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಮಗನ ಒಂದನೆಯ ಇಯತ್ತೆಯ ಪುಸ್ತಕ, ಇವೇ ಅವಳ ಶಾಲೆ. ಒಂದು ಶಬ್ದವನ್ನು ಓದಲು ಬಂದದ್ದರಿಂದ ಒಂದು ಗುಂಪಿನ ಅರ್ಧ ಕೂಲಿ ಉಳಿಯಿತು.

ಎರಡನೆಯ ಕಾರಣ ನಮ್ಮ ಮಕ್ಕಳು. ಇಂದು ನಮ್ಮ ಮನೆಗಳಲ್ಲಿ ದುಭಾಷಿ ಯಾರು? ಹತ್ತು ವರ್ಷದ ಹುಡುಗಿ. ತಾಯಿಯ ಜೊತೆ ದವಾಖಾನೆಗೆ ಅವಳೇ ಹೋಗಬೇಕು. ಬ್ಯಾಂಕಿಗೆ, ರೇಷನ್ ಅಂಗಡಿಗೆ, ಮಾಲೀಕನ ಮುಂದೆ ಅವಳೇ ನಿಲ್ಲಬೇಕು. ಅಂದು ಅವಳ ಶಾಲೆ ತಪ್ಪುತ್ತದೆ. ಅಷ್ಟೇ ಅಲ್ಲ, ತಾಯಿಯ ರೋಗದ ಗುಟ್ಟನ್ನು, ತಂದೆಯ ಸಾಲದ ಲೆಕ್ಕವನ್ನು ಆ ಮಗುವಿನ ಬಾಯಿಂದ ಹೇಳಿಸುತ್ತೇವೆ. ಹೇಳಲು ನಾಚಿ ತಾಯಿ ಅರ್ಧ ಮುಚ್ಚಿಡುತ್ತಾಳೆ. ತಿಳಿಯದೆ ಮಗು ಇನ್ನರ್ಧ ಬಿಡುತ್ತದೆ. ಡಾಕ್ಟರರಿಗೆ ಮುಟ್ಟುವುದು ಏನು? ಮಿರಜದ ವಾನ್ಲೆಸ್ ಆಸ್ಪತ್ರೆ 1894ರಲ್ಲಿ ಪ್ರಾರಂಭವಾದ ಕಾಲದಿಂದ ಮಿರಜಕ್ಕೆ ಕನ್ನಡ ಸೀಮೆಯ ರೋಗಿಗಳು ಬರುತ್ತಲೇ ಇದ್ದಾರೆ. ಕನ್ನಡ ಬಲ್ಲ ದಾದಿ ಸಿಕ್ಕರೆ ಭಾಗ್ಯ. ಸಿಗದ ದಿನಕ್ಕೆ ನಮ್ಮ ನೋವನ್ನು ನಾವೇ ಹೇಳಲು ಬರಬೇಕು. ಮಗುವಿನ ಹೆಗಲ ಮೇಲಿನ ಆ ಹೊರೆಯನ್ನು ಇಳಿಸುವುದು ತಂದೆ ತಾಯಿಗಳಾದ ನಮ್ಮ ಕೆಲಸ.

‘ಕಾಯಿದೆ ಇದೆಯಲ್ಲ’ ಎಂದು ಕೆಲವರು ಕೇಳುತ್ತೀರಿ. ಇದೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ತನ್ನ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. 1956ರ ತಿದ್ದುಪಡಿಯಿಂದ ಬಂದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಈ ಹಕ್ಕುಗಳನ್ನು ಬಿಡಬಾರದು. ಆದರೆ ಅರ್ಜಿಯನ್ನು ನಾವು ಕನ್ನಡದಲ್ಲಿ ಕೊಟ್ಟರೂ ಉತ್ತರ ಮರಾಠಿಯಲ್ಲಿ ಬಂದರೆ ಅದನ್ನು ಓದಿಸಲು ಮತ್ತೆ ಯಾರ ಬಾಗಿಲಿಗೆ ಹೋಗುವುದು? 1936ರ ವೇತನ ಪಾವತಿ ಕಾಯಿದೆಯಲ್ಲಿ ಕಾರ್ಖಾನೆಯ ನೋಟೀಸು ಇಂಗ್ಲಿಷಿನಲ್ಲಿ ಮತ್ತು ಹೆಚ್ಚು ಸಂಖ್ಯೆಯ ಕೆಲಸಗಾರರ ಭಾಷೆಯಲ್ಲಿ ಇರಬೇಕೆಂದು ಬರೆದಿದ್ದರು. ಹೆಚ್ಚು ಸಂಖ್ಯೆಯವರ ಭಾಷೆ ಎಂದರೆ, ಕಡಿಮೆ ಸಂಖ್ಯೆಯವರು ಆ ಭಾಷೆಯನ್ನು ಕಲಿಯದೆ ಗತಿಯಿಲ್ಲ ಎಂದೇ ಅರ್ಥ. ಹಕ್ಕು ಒಂದು ಕಾಲು, ಕಲಿಕೆ ಇನ್ನೊಂದು ಕಾಲು. ಒಂದೇ ಕಾಲಿನಿಂದ ಬಹಳ ದೂರ ನಡೆಯಲಾಗದು.

ಇನ್ನು ‘ನಮ್ಮಂಥವರಿಂದ ಆದೀತೇ?’ ಎಂಬ ಸಂಶಯ. ಇದಕ್ಕೆ ಒಬ್ಬ ಚಮ್ಮಾರನ ಕಥೆಯನ್ನು ಹೇಳುತ್ತೇನೆ. ವಿಲಿಯಂ ಕೇರಿ ಎಂಬವರು 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗಲೇ ಜೋಡು ಹೊಲಿಯುವ ಕೆಲಸ ಕಲಿಯಲು ಸೇರಿದರು. ಅಂಗಡಿಯಲ್ಲಿದ್ದ ಒಂದು ವ್ಯಾಖ್ಯಾನ ಪುಸ್ತಕದಲ್ಲಿ ಗ್ರೀಕ್ ಭಾಷೆಯ ಮಾತುಗಳು ಕಂಡವು. ಅವು ಏನೆಂದು ತಿಳಿಯಲಿಲ್ಲ. ಆ ಅಕ್ಷರಗಳನ್ನು ಹಾಗೆಯೇ ಚಿತ್ರ ಬರೆದಂತೆ ಬರೆದುಕೊಂಡು, ತನ್ನ ಊರಿನ ಒಬ್ಬ ನೇಕಾರನ ಬಳಿಗೆ ಒಯ್ದರು. ಆ ನೇಕಾರ ಹಿಂದೆ ಸ್ವಲ್ಪ ಓದಿದವನು. ಅವನು ಅರ್ಥ ಹೇಳಿಕೊಟ್ಟನು. ಹೀಗೆ ನೇಕಾರನು ಕಲಿಸಿ, ಚಮ್ಮಾರನು ಕಲಿತನು. ಜೋಡು ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು.

1793ರಲ್ಲಿ ಅವರು ಬಂಗಾಳಕ್ಕೆ ಬಂದರು. ಹೊಟ್ಟೆಪಾಡಿಗಾಗಿ ಒಂದು ನೀಲಿ ಕಾರ್ಖಾನೆಯಲ್ಲಿ ಉಸ್ತುವಾರಿಗೆ ನಿಂತು ಅಲ್ಲಿನ ಜನರ ನಡುವೆ ಬಂಗಾಳಿಯನ್ನು ಕಲಿತರು. ಮುಂದೆ ಕಲ್ಕತ್ತೆಯ ಕಾಲೇಜಿನಲ್ಲಿ ಮರಾಠಿಯನ್ನೂ ಕಲಿಸುವ ಕೆಲಸ ಬಂತು. ಮರಾಠಿ ಪಂಡಿತರೊಬ್ಬರ ಪಕ್ಕದಲ್ಲಿ ಕುಳಿತು ಕಲಿತು 1805ರಲ್ಲಿ ಮರಾಠಿ ವ್ಯಾಕರಣವನ್ನು ಅಚ್ಚು ಮಾಡಿಸಿದರು. 1817ರಲ್ಲಿ ಕನ್ನಡದ ವ್ಯಾಕರಣವನ್ನೂ ಹೊರತಂದರು. ಈ ಎರಡೂ ಭಾಷೆಗಳ ನಾಡಿನಿಂದ ಅಷ್ಟು ದೂರ ಕುಳಿತವರು ಈ ಕೆಲಸ ಮಾಡಿದರು. ತನ್ನಲ್ಲಿ ದೊಡ್ಡ ಬುದ್ಧಿಯೇನೂ ಇಲ್ಲ, ಹಿಡಿದದ್ದನ್ನು ಬಿಡದೆ ಎಳೆಯುವ ಗುಣವೊಂದಿದೆ ಎಂಬುದೇ ಅವರು ತಮ್ಮ ಬಗ್ಗೆ ಹೇಳಿಕೊಂಡದ್ದರ ತಾತ್ಪರ್ಯ.

ಇದರಲ್ಲಿ ನಾವು ಗಮನಿಸಬೇಕಾದ ಮಾತು ಒಂದಿದೆ. ಕೇರಿಯವರು ಶಾಲೆಯಿಲ್ಲದೆ ಕಲಿತರು, ಆದರೆ ಒಂಟಿಯಾಗಿ ಕಲಿಯಲಿಲ್ಲ. ಒಮ್ಮೆ ನೇಕಾರ, ಒಮ್ಮೆ ಪಂಡಿತ, ಒಮ್ಮೆ ನೀಲಿ ಕೆಲಸದ ಕೂಲಿಯವರು. ತಾನಾಗಿ ಕಲಿಯುವುದು ಎಂದರೆ ಒಬ್ಬನೇ ಕಲಿಯುವುದಲ್ಲ. ಯಾರನ್ನು ಕೇಳಬೇಕು, ಏನನ್ನು ಕೇಳಬೇಕು ಎಂಬುದನ್ನು ನಾವೇ ಗೊತ್ತುಮಾಡಿಕೊಳ್ಳುವುದು, ಅಷ್ಟೇ.

ಡಾಕ್ಟರ್ ಅಂಬೇಡ್ಕರರ ವಿಷಯವನ್ನು ನೀವು ಬಲ್ಲಿರಿ. ಶಾಲೆಯಲ್ಲಿ ಅಸ್ಪೃಶ್ಯನೆಂದು ಅವರಿಗೆ ಸಂಸ್ಕೃತ ಕಲಿಯಲು ಬಿಡಲಿಲ್ಲ. ಪಾರಸಿಯನ್ನು ತೆಗೆದುಕೊಳ್ಳಬೇಕಾಯಿತು. ಆ ಸಂಸ್ಕೃತವನ್ನು ಮುಂದೆ ಅವರು ತಮ್ಮ ಸ್ವಂತ ಪ್ರಯತ್ನದಿಂದ ಕಲಿತರು. ಶಾಲೆಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಭಾಷೆಯ ಬಾಗಿಲು ಮುಚ್ಚುವುದಿಲ್ಲ.

‘ಬೇರೆ ಭಾಷೆ ಕಲಿತರೆ ನಮ್ಮದು ಹೋಗುತ್ತದೆ’ ಎಂದು ಹಿರಿಯರು ಅಂಜುತ್ತಾರೆ. ಇದೇ ಸಾಂಗಲಿಯ ಇತಿಹಾಸ ಅದಕ್ಕೆ ಉತ್ತರ ಕೊಡುತ್ತದೆ. ಕನ್ನಡ ಸೀಮೆಯಿಂದ ಬಂದ ಒಂದು ಯಕ್ಷಗಾನ ಮೇಳದ ಆಟವನ್ನು ಸಾಂಗಲಿಯ ಸಂಸ್ಥಾನಿಕರು ನೋಡಿ ಮೆಚ್ಚಿದರು. ಇಂಥದು ಮರಾಠಿಯಲ್ಲಿಯೂ ಆಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ಭಾವೆಯವರು ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಇಂದಿಗೂ ಮರಾಠಿ ರಂಗಭೂಮಿಯ ದಿನವೆಂದು ನವೆಂಬರ್ 5ನ್ನೇ ಆಚರಿಸುತ್ತಾರೆ. ಕನ್ನಡದಿಂದ ಕಲಿತದ್ದಕ್ಕೆ ಮರಾಠಿ ಬಡವಾಗಲಿಲ್ಲ. ಇತ್ತ ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡದಲ್ಲಿ ಬರೆದರು, ಸೋಲಾಪುರದ ಕಾಲೇಜಿನಲ್ಲಿ ಪಾಠ ಹೇಳಿದರು, ಮರಾಠಿಯಲ್ಲಿಯೂ ಬರೆದರು. 1973ರ ಜ್ಞಾನಪೀಠ ಪ್ರಶಸ್ತಿ ಅವರ ಕನ್ನಡದ ‘ನಾಕುತಂತಿ’ಗೆ ಬಂತು. ಮನೆಯಲ್ಲಿ ಕನ್ನಡ ಆಡಿರಿ, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿರಿ. ಅದರ ಮೇಲೆ ಇನ್ನೊಂದನ್ನು ಕಟ್ಟಿರಿ. ಅಡಿಪಾಯ ಗಟ್ಟಿಯಿದ್ದ ಮನೆಗೇ ಮಾಳಿಗೆ ಏರಿಸಲು ಬರುತ್ತದೆ.

ಈಗ ‘ಹೇಗೆ’ ಎಂಬುದಕ್ಕೆ ಬರೋಣ.

ಮೊದಲನೆಯದು, ನಮಗೆ ಈಗಾಗಲೇ ಬರುವುದೆಷ್ಟು ಎಂದು ಲೆಕ್ಕ ಹಾಕಬೇಕು. ಪಗಾರ, ಹಾಜರಿ, ರಜೆ, ಅರ್ಜಿ, ಬಾಕಿ, ಸಹಿ, ತಾರೀಖು, ಕಾಗದ, ದವಾಖಾನೆ, ಇವು ಎರಡೂ ಭಾಷೆಯಲ್ಲಿವೆ. ಮರಾಠಿಯಲ್ಲಿ ಪಗಾರ್, ಹಜೇರೀ, ರಜಾ, ಅರ್ಜ್, ಬಾಕೀ, ಸಹೀ, ತಾರೀಖ್, ಕಾಗದ್, ದವಾಖಾನಾ. ನಮ್ಮ ಶಿಲ್ಕು ಅವರ ಶಿಲ್ಲಕ್. ನಮ್ಮ ತುಪ್ಪ ಅವರ ತೂಪ್. ಇವುಗಳಲ್ಲಿ ಕೆಲವು ಪಾರಸಿ, ಅರಬ್ಬಿಗಳಿಂದ ಬಂದವು. ಪಗಾರ ಪೋರ್ತುಗೀಜರದು. ಎಲ್ಲಿಂದ ಬಂದರೇನು, ಕೆಲಸಗಾರನಿಗೆ ಬೇಕಾದ ಮಾತುಗಳೇ ಎರಡೂ ಕಡೆ ಒಂದಾಗಿವೆ. ಆದ್ದರಿಂದ ನಾವು ಸೊನ್ನೆಯಿಂದ ಹೊರಡುತ್ತಿಲ್ಲ.

ವಾಕ್ಯದ ಕಟ್ಟೂ ಒಂದೇ. ‘ನನಗೆ ನೀರು ಬೇಕು’ ಎಂಬುದು ‘ಮಲಾ ಪಾಣೀ ಪಾಹಿಜೇ’. ಶಬ್ದದ ಜಾಗದಲ್ಲಿ ಶಬ್ದ ಇಟ್ಟರಾಯಿತು. ‘ನನಗೆ ಮರಾಠಿ ಬರುತ್ತದೆ’ ಎಂಬುದು ‘ಮಲಾ ಮರಾಠೀ ಯೇತೇ’. ಭಾಷೆ ನಮ್ಮ ಬಳಿಗೆ ‘ಬರುತ್ತದೆ’ ಎಂದೇ ಇಬ್ಬರೂ ಹೇಳುತ್ತೇವೆ.

ಎಸ್ಟೇಟಿನ ಬಂಧುಗಳಿಗೂ ಇಂಥದೇ ಒಂದು ಕೀಲಿಕೈ ಇದೆ. ತಮಿಳಿನ ಎಷ್ಟೋ ‘ಪ’ಕಾರಗಳು ಕನ್ನಡದಲ್ಲಿ ‘ಹ’ ಆಗಿವೆ. ಪಾಲ್ ಎಂಬುದು ಹಾಲು, ಪುಲಿ ಎಂಬುದು ಹುಲಿ, ಪೂ ಎಂಬುದು ಹೂ, ಪತ್ತು ಎಂಬುದು ಹತ್ತು. ಹಳೆಗನ್ನಡದಲ್ಲಿ ನಾವೂ ‘ಪ’ ಎಂದೇ ಹೇಳುತ್ತಿದ್ದೆವು. ಲೈನಿನ ಪಕ್ಕದ ಮನೆಯ ತಮಿಳು ತಾಯಿಗೆ ಇದೊಂದನ್ನು ಹೇಳಿಕೊಡಿರಿ. ಒಂದು ಸಂಜೆಯಲ್ಲಿ ಆಕೆಗೆ ಇಪ್ಪತ್ತು ಕನ್ನಡ ಮಾತು ಬರುತ್ತವೆ, ನಿಮಗೆ ಇಪ್ಪತ್ತು ತಮಿಳು ಮಾತು.

ಎರಡನೆಯದು, ಮೋಸ ಮಾಡುವ ಶಬ್ದಗಳನ್ನು ಗುರುತಿಟ್ಟುಕೊಳ್ಳಬೇಕು. ನಮ್ಮ ‘ಊಟ’ ಬೇರೆ, ಅವರ ‘ಊಠ್’ ಎಂದರೆ ಏಳು. ನಮ್ಮ ‘ಮಗ’ ಬೇರೆ, ಅವರ ‘ಮಗ್’ ಎಂದರೆ ಆಮೇಲೆ. ನಮ್ಮ ಹಾಲು ಕುಡಿಯುವಂಥದು, ಅವರ ‘ಹಾಲ್’ ಎಂದರೆ ಕಷ್ಟ. ‘ಪರವಾ’ ಎಂಬ ಮಾತನ್ನಂತೂ ಬಹಳ ಜೋಪಾನವಾಗಿ ಕೇಳಬೇಕು. ಅದು ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕೊನೆಯ ಕ್ರಿಯಾಪದವನ್ನು ಕೇಳಿದರೇ ಯಾವುದೆಂದು ತಿಳಿಯುವುದು. ಹಣ ‘ಪರವಾ’ ಕೊಟ್ಟೆನೆಂದರೋ, ಕೊಡುತ್ತೇನೆಂದರೋ ಎಂಬುದು ನಮಗೆ ಚಿಕ್ಕ ಸಂಗತಿಯಲ್ಲ.

ಮೂರನೆಯದು, ಅಂಕಿ. ಇದನ್ನು ಎಲ್ಲಕ್ಕಿಂತ ಮುಂಚೆ ಕಲಿಯಿರಿ. ಕನ್ನಡದಲ್ಲಿ ಮೂವತ್ತೊಂಬತ್ತು ಎಂದರೆ ಮೂವತ್ತರ ಮೇಲೆ ಒಂಬತ್ತು. ಮರಾಠಿಯಲ್ಲಿ ಅದು ‘ಏಕೋಣಚಾಳೀಸ್’, ನಲವತ್ತಕ್ಕೆ ಒಂದು ಕಡಿಮೆ. ಕೊನೆಯ ‘ಚಾಳೀಸ್’ ಮಾತ್ರ ಕಿವಿಗೆ ಬಿದ್ದರೆ ನಲವತ್ತು ಎಂದುಕೊಳ್ಳುತ್ತೇವೆ. ‘ಸವ್ವಾಶೇ’ ಎಂದರೆ 125, ‘ದೀಡಶೇ’ ಎಂದರೆ 150, ‘ಅಡೀಚಶೇ’ ಎಂದರೆ 250, ‘ಸಾಡೇತೀನಶೇ’ ಎಂದರೆ 350. ‘ಪಾವಣೇ ದೋನಶೇ’ ಎಂದರೆ 200 ಅಲ್ಲ, 175. ಕೂಲಿಯ ಮಾತುಕತೆಯಲ್ಲಿ ‘ಪಾವಣೇ’ ಎಂಬುದು ಕೇಳಿಸದೆ ಹೋದರೆ ಪ್ರತಿ ದಿನ 25 ರೂಪಾಯಿಯ ತಕರಾರು. ಪ್ರತಿ ರಾತ್ರಿ ಹತ್ತು ಅಂಕಿಗಳಂತೆ, ಮಕ್ಕಳ ಜೊತೆ ಆಟವಾಡಿದಂತೆ ಹೇಳಿಕೊಳ್ಳಿರಿ. ಹತ್ತು ರಾತ್ರಿಯಲ್ಲಿ ನೂರರ ತನಕ ಒಂದು ಸುತ್ತು ಮುಗಿಯುತ್ತದೆ. ಮತ್ತೆ ಮೊದಲಿನಿಂದ ಹಿಡಿಯಿರಿ.

ಬರೆದ ಅಂಕಿಯಲ್ಲಿಯೂ ಎಚ್ಚರ ಬೇಕು. ದೇವನಾಗರಿಯ ಒಂದು ನಮ್ಮ ಕಣ್ಣಿಗೆ ಇಂಗ್ಲಿಷಿನ 9ರ ಹಾಗೆ ಕಾಣುತ್ತದೆ. ಅದರ ನಾಲ್ಕು 8ರ ಹಾಗೆ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ‘ಖಾಡೇ’, ಅಂದರೆ ಗೈರುಹಾಜರಿ, ಒಂದು ಎಂದು ಬರೆದದ್ದನ್ನು ಒಂಬತ್ತು ಎಂದು ಓದಿ ಜಗಳಕ್ಕೆ ನಿಂತವರನ್ನು ನಾನು ಸಮಾಧಾನ ಮಾಡಿದ್ದುಂಟು. ತಿಳಿಯದೆ ಸುಮ್ಮನಿರುವುದರಿಂದ ಹೇಗೆ ನಷ್ಟವೋ, ತಿಳಿಯದೆ ಕೂಗಾಡುವುದರಿಂದಲೂ ಹಾಗೆಯೇ ನಷ್ಟ. ಮುಂದೆ ನಿಜವಾದ ತಕರಾರು ಇದ್ದಾಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ನಾಲ್ಕನೆಯದು, ಅಕ್ಷರ. ಕನ್ನಡ ಓದಲು ಬರುವವನಿಗೆ ಮರಾಠಿಯ ಅಕ್ಷರ ಭಯದ ವಸ್ತುವಲ್ಲ. ಅ ಆ ಇ ಈ, ಕ ಖ ಗ ಘ ಎಂಬ ಸಾಲು ಅದೇ, ಕ್ರಮ ಅದೇ. ರೂಪ ಮಾತ್ರ ಬೇರೆ, ತಲೆಯ ಮೇಲೆ ಗೆರೆ. ನಮ್ಮ ‘ಳ’ ಕೂಡ ಅಲ್ಲಿದೆ. ಹ್ರಸ್ವ ಎ, ಹ್ರಸ್ವ ಒ ಅಲ್ಲಿ ಇಲ್ಲ, ಅಷ್ಟು ನಮಗೆ ಹಗುರ. ಒಂದು ಹಾಳೆಯಲ್ಲಿ ಕನ್ನಡ ಅಕ್ಷರ, ಅದರ ಮುಂದೆ ಮರಾಠಿ ಅಕ್ಷರ ಬರೆಸಿ ಗೋಡೆಗೆ ಅಂಟಿಸಿರಿ. ದಿನಕ್ಕೆ ಎರಡು ಅಕ್ಷರ ಸಾಕು. ಒಂದು ತಿಂಗಳಲ್ಲಿ ಬೋರ್ಡು ಓದುತ್ತೀರಿ, ಮೂರು ತಿಂಗಳಲ್ಲಿ ಚೀಟಿ ಓದುತ್ತೀರಿ. ಕನ್ನಡ ಅಕ್ಷರವೇ ಬಾರದವರು ಮೊದಲು ಕನ್ನಡವನ್ನೇ ಕಲಿಯಿರಿ. ತಾಯಿನುಡಿಯಲ್ಲಿ ಓದಲು ಬಂದವನಿಗೆ ಎರಡನೆಯದು ಸುಲಭ.

ಐದನೆಯದು, ಐದು ವಾಕ್ಯಗಳು. ಇವನ್ನು ಬಾಯಿಪಾಠ ಮಾಡಿಕೊಂಡರೆ ಇಡೀ ಊರೇ ನಿಮಗೆ ಮಾಸ್ತರನಾಗುತ್ತದೆ. ‘ಮಲಾ ಸಮಜಲಂ ನಾಹೀ’, ನನಗೆ ತಿಳಿಯಲಿಲ್ಲ. ‘ಹಳೂ ಬೋಲಾ’, ನಿಧಾನವಾಗಿ ಹೇಳಿರಿ. ‘ಹ್ಯಾಲಾ ಕಾಯ್ ಮ್ಹಣತಾತ್?’, ಇದಕ್ಕೆ ಏನನ್ನುತ್ತಾರೆ? ‘ಇಥೇ ಕಾಯ್ ಲಿಹಿಲಂ ಆಹೇ?’, ಇಲ್ಲಿ ಏನು ಬರೆದಿದೆ? ಐದನೆಯದು ಎಲ್ಲಕ್ಕಿಂತ ದೊಡ್ಡದು: ‘ಆಧೀ ವಾಚೂನ್ ದಾಖವಾ, ಮಗ್ ಸಹೀ ಕರತೋ’. ಮೊದಲು ಓದಿ ತೋರಿಸಿರಿ, ಆಮೇಲೆ ಸಹಿ ಮಾಡುತ್ತೇನೆ. ಹೆಂಗಸರು ‘ಕರತೇ’ ಎನ್ನಬೇಕು. ಇದರ ಜೊತೆಗೆ ಕಾಗದದ ಆರು ಮಾತುಗಳನ್ನು ಕಣ್ಣಿನಿಂದ ಗುರುತಿಸಲು ಕಲಿಯಿರಿ. ಉಚಲ್ ಎಂದರೆ ಮುಂಗಡ, ಕಪಾತ್ ಎಂದರೆ ಕಡಿತ, ಖಾಡೇ ಎಂದರೆ ಗೈರುಹಾಜರಿ, ಏಕೂಣ್ ಎಂದರೆ ಒಟ್ಟು, ಥಕಬಾಕೀ ಎಂದರೆ ಹಿಂದಿನ ಬಾಕಿ, ಕರಾರ್ ಎಂದರೆ ಒಪ್ಪಂದ.

ಕಷ್ಟದ ಭಾಗವೂ ಇದೆ, ಅದನ್ನು ಮುಚ್ಚಿಡಬಾರದು. ಕನ್ನಡದಲ್ಲಿ ಗಂಡು ಹೆಣ್ಣು ಎಂಬುದು ಮನುಷ್ಯರಿಗೆ ಮಾತ್ರ. ಮರಾಠಿಯಲ್ಲಿ ಅನ್ನ, ರೊಟ್ಟಿಗೂ ಉಂಟು. ಭಾತ್ ಗಂಡು, ಭಾಕರೀ ಹೆಣ್ಣು, ಪಾಣೀ ನಪುಂಸಕ. ‘ಮೀ ಭಾತ್ ಖಾಲ್ಲಾ’, ಆದರೆ ‘ಮೀ ಭಾಕರೀ ಖಾಲ್ಲೀ’. ತಿಂದವನು ನಾನಾದರೂ ಕ್ರಿಯಾಪದ ರೊಟ್ಟಿಯ ಹಿಂದೆ ಹೋಗುತ್ತದೆ. ಇದನ್ನು ನಿಯಮದಿಂದ ಕಲಿಯಲು ಹೋದರೆ ತಲೆ ತಿರುಗುತ್ತದೆ. ಶಬ್ದವನ್ನು ಬರೆಯುವಾಗಲೇ ‘ತೋ ಭಾತ್, ತೀ ಭಾಕರೀ, ತೇ ಪಾಣೀ’ ಎಂದು ಜೋಡಿಯಾಗಿ ಬರೆಯಿರಿ, ಜೋಡಿಯಾಗಿಯೇ ಹೇಳಿರಿ. ತಪ್ಪಿದರೆ ನಗುತ್ತಾರೆ, ನಗಲಿ. ನಗುತ್ತಲೇ ತಿದ್ದುತ್ತಾರೆ. ಗಲಿಲಾಯದ ಪೇತ್ರನಿಗೂ ಯೆರೂಸಲೇಮಿನ ಅಂಗಳದಲ್ಲಿ ‘ನಿನ್ನ ಮಾತೇ ನಿನ್ನನ್ನು ಹಿಡಿದುಕೊಡುತ್ತದೆ’ ಎಂಬರ್ಥದ ಮಾತು ಕೇಳಬೇಕಾಯಿತು. ಅದೇ ಉಚ್ಚಾರದ ಮನುಷ್ಯನೇ ಮುಂದೆ ಸಾವಿರಾರು ಜನರ ಎದುರಿಗೆ ನಿಂತು ಮಾತಾಡಿದನು. ಉಚ್ಚಾರ ಹಳ್ಳಿಯದಾದರೆ ನಾಚಿಕೆಯಿಲ್ಲ.

ಆರನೆಯದು, ಗೊತ್ತಿರುವ ಕಥೆಯನ್ನು ಹೊಸ ಭಾಷೆಯಲ್ಲಿ ಓದಿರಿ. ದ್ರಾಕ್ಷೇತೋಟದ ಕೂಲಿಯವರ ಸಾಮ್ಯ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ. ನಮಗೆಲ್ಲ ಅದು ಕನ್ನಡದಲ್ಲಿ ಬಾಯಿಗೆ ಬರುತ್ತದೆ. ಮರಾಠಿ ಪುಸ್ತಕವನ್ನು ಪಕ್ಕದಲ್ಲಿಟ್ಟು ಒಂದೊಂದೇ ವಚನ ಓದಿರಿ. ಅರ್ಥ ಮೊದಲೇ ಗೊತ್ತಿರುವುದರಿಂದ ಶಬ್ದಕೋಶ ಹುಡುಕುವ ಕೆಲಸವಿಲ್ಲ. ತೋಟ, ಕೂಲಿ, ಮೇಸ್ತ್ರಿ, ಬೆಳಿಗ್ಗೆ, ಸಾಯಂಕಾಲ, ಗೊಣಗುವುದು, ಎಲ್ಲ ನಮ್ಮ ದಿನದ ಮಾತುಗಳೇ. ರೇಡಿಯೋದಲ್ಲಿ ಮರಾಠಿ ಸುದ್ದಿ ಕೇಳಿ, ಆಮೇಲೆ ಅದೇ ಸುದ್ದಿಯನ್ನು ಕನ್ನಡದಲ್ಲಿ ಕೇಳುವುದೂ ಇದೇ ಉಪಾಯ. ಈಗ ಮನೆಗೊಂದು ಮೊಬೈಲ್ ಇದೆ. ಫೋಟೋ ತೆಗೆದರೆ ಕಾಗದವನ್ನು ಭಾಷಾಂತರಿಸುವ ಅನುಕೂಲವೂ ಅದರಲ್ಲಿ ಬಂದಿದೆ. ಅದನ್ನು ಬಳಸಿರಿ, ಆದರೆ ಸಹಿ ಹಾಕುವ ಕಾಗದಕ್ಕೆ ಅದೊಂದನ್ನೇ ನಂಬಬೇಡಿರಿ. ಕೈಬರಹವನ್ನು ಅದು ಎಷ್ಟೋ ಸಲ ತಪ್ಪಾಗಿ ಓದುತ್ತದೆ. ಹೆಬ್ಬೆಟ್ಟು ಮೊಬೈಲಿನದಲ್ಲ, ನಮ್ಮದು.

ಕೊನೆಯದು, ಹೊತ್ತು. ‘ದುಡಿದು ಬಂದವನಿಗೆ ವೇಳೆ ಎಲ್ಲಿದೆ?’ ಎನ್ನುತ್ತೀರಿ. ದಿನಕ್ಕೆ ಕಾಲು ಗಂಟೆ ಸಾಕು. ವರ್ಷಕ್ಕೆ ಅದು 91 ಗಂಟೆಯಾಗುತ್ತದೆ. ದಿನಕ್ಕೆ ಐದು ಶಬ್ದವಾದರೆ, 65 ದಿನ ಜ್ವರ, ಜಾತ್ರೆ, ಮದುವೆಗೆಂದು ಬಿಟ್ಟರೂ, ಉಳಿದ 300 ದಿನಕ್ಕೆ 1,500 ಶಬ್ದ. ಅರ್ಧ ಮರೆತರೂ ಸಂಸಾರ ನಡೆಸುವಷ್ಟು ಉಳಿಯುತ್ತದೆ. ಭಾನುವಾರ ಮೂರು ತಾಸು ಕುಳಿತು ವಾರವೆಲ್ಲ ಮುಚ್ಚಿಡುವವನಿಗಿಂತ ದಿನಾಲೂ ಕಾಲು ಗಂಟೆ ಕೂರುವವನೇ ಮುಂದೆ ಹೋಗುತ್ತಾನೆ. ಒಲೆಗೆ ಒಮ್ಮೆಲೇ ಮಣ ಸೌದೆ ತುಂಬಿದರೆ ಹೊಗೆ, ಒಂದೊಂದೇ ಕೊಳ್ಳಿ ಇಟ್ಟರೆ ಬೆಂಕಿ.

ಮೂರು ನಾಲ್ಕು ಮನೆಗಳವರು ಸೇರಿ ಒಂದು ಗುಂಪು ಮಾಡಿಕೊಳ್ಳಿರಿ. ಒಂದು ವಹಿ, ಒಂದು ಪೆನ್ನು. ಈ ವಾರ ಕೆಲಸದಲ್ಲಿ ಕೇಳಿದ ಹೊಸ ಮಾತುಗಳನ್ನು ಒಬ್ಬರು ಬರೆಯಿರಿ, ಎಲ್ಲರೂ ಓದಿರಿ. ತಿಂಗಳಿಗೊಮ್ಮೆ ನಿಜವಾದ ಒಂದು ಪಗಾರ ಚೀಟಿಯನ್ನು ನಡುವೆ ಇಟ್ಟು ಸಾಲು ಸಾಲಾಗಿ ಬಿಡಿಸಿರಿ. ಮರಾಠಿ ನೆರೆಯವರೊಬ್ಬರನ್ನು ಕರೆಯಿರಿ, ಅವರಿಗೆ ಕನ್ನಡ ಹೇಳಿಕೊಡಿರಿ. ಕಲಿಯುವವನಷ್ಟೇ ಕೆಳಗೆ, ಕಲಿಸುವವನು ಮೇಲೆ ಎಂಬುದು ಹೀಗೆ ತಪ್ಪುತ್ತದೆ.

ಒಂದು ಸಣ್ಣ ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಇಂದಿನ ಕನ್ನಡದಲ್ಲಿ ‘ನಾವು’ ಒಂದೇ. ಮರಾಠಿಯಲ್ಲಿ ಎರಡಿವೆ. ‘ಆಮ್ಹೀ’ ಎಂದರೆ ನಾವು, ನಿಮ್ಮನ್ನು ಬಿಟ್ಟು. ‘ಆಪಣ್’ ಎಂದರೆ ನಾವು, ನಿಮ್ಮನ್ನು ಸೇರಿಸಿ. ತುಳುವಿನಲ್ಲಿ ಎಂಕುಲು, ನಮ ಎಂದೂ, ತಮಿಳಿನಲ್ಲಿ ನಾಂಗಳ್, ನಾಮ್ ಎಂದೂ ಇದೇ ಭೇದವಿದೆ. ಕೂಲಿಯ ಪ್ರಶ್ನೆ ಬಂದಾಗ ಕನ್ನಡದವರು ಒಂದು ಕಡೆ, ಮರಾಠಿಯವರು ಒಂದು ಕಡೆ, ತಮಿಳರು ಒಂದು ಕಡೆ ‘ಆಮ್ಹೀ, ಆಮ್ಹೀ’ ಎಂದು ನಿಂತರೆ ಅದರಿಂದ ಯಾರಿಗೆ ಲಾಭವೆಂದು ನಿಮಗೆ ಗೊತ್ತಿದೆ. ಪಕ್ಕದವನ ಭಾಷೆಯಲ್ಲಿ ‘ಆಪಣ್’ ಎನ್ನಲು ಬಂದ ದಿನ ನಮ್ಮ ಸಾಲು ಉದ್ದವಾಗುತ್ತದೆ.

ಆದ್ದರಿಂದ ಮನೆಗೆ ಹೋದವರು ಇವತ್ತೇ ಹತ್ತು ಅಂಕಿ, ಎರಡು ಅಕ್ಷರ, ಒಂದು ವಾಕ್ಯ ಹಿಡಿಯಿರಿ. ವಾಕ್ಯ ಯಾವುದೆಂದು ಕೇಳಿದರೆ ನಾನು ಐದನೆಯದನ್ನೇ ಹೇಳುತ್ತೇನೆ. ಮೊದಲು ಓದಿ ತೋರಿಸಿರಿ, ಆಮೇಲೆ ಸಹಿ.